ಕಾಡು ಕಾಯುವ ಗಂಡು, ಗಿಡ ಸಾಕುವ ಗಂಡು

ಕಾಡನ್ನು ಪ್ರೀತಿಸುವ ಗಂಡಸನ್ನು ತೆರೆಯ ಮೇಲೆ ತೋರಿಸಬೇಕಾದರೆ ಮೊದಲು ಅವನ ಎದುರಿಗೆ ಒಬ್ಬ ವೈರಿಯನ್ನು ತಂದು ನಿಲ್ಲಿಸಬೇಕು. ಗಂಧದ ಮರ ಕದಿಯುವವನು, ಆನೆ ಕೊಲ್ಲುವವನು, ಊರವರ ಜಮೀನು ನುಂಗುವ ಧಣಿ, ಯಾರಾದರೂ ಸರಿ. ವೈರಿಯೇ ಇಲ್ಲದ ಕಾಡಿನಲ್ಲಿ ನಾಯಕನಿಗೆ ಮಾಡಲು ಕೆಲಸವಿರುವುದಿಲ್ಲ. ಅವನು ಬೀಜ ಆಯ್ದು ತರುವುದನ್ನು, ಸಸಿಗೆ ನೀರು ಹೊರುವುದನ್ನು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟುವುದನ್ನು ನಾವು ಎಷ್ಟು ಚಿತ್ರಗಳಲ್ಲಿ ನೋಡಿದ್ದೇವೆ?

ಗಂಡಸು ಕಾಡನ್ನು ಕಾಯಬಹುದು, ಆದರೆ ಸಾಕಬಾರದು ಎಂಬ ಒಂದು ಬರೆಯದ ಕಟ್ಟಳೆ ನಮ್ಮ ಕತೆಗಳಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಕಾಯುವುದು ಶೌರ್ಯ, ಸಾಕುವುದು ಮನೆಗೆಲಸ. ಈ ವಿಂಗಡಣೆ ನಮ್ಮದು ಮಾತ್ರವೂ ಅಲ್ಲ, ಅಮೆರಿಕದ ಕತೆ-ಸಿನಿಮಾಗಳಲ್ಲೂ ಇದೇ ಇದೆ. ಇದರಿಂದ ಕಾಡಿಗೆ ಆಗುವ ನಷ್ಟವೇನು, ಗಂಡಸಿಗೆ ಆಗುವ ನಷ್ಟವೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕನ್ನಡದಲ್ಲಿ ಈ ಮಾತು ಶುರುವಾಗಬೇಕಾದದ್ದು 1973ರ 'ಗಂಧದ ಗುಡಿ'ಯಿಂದ. ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್ ನಿರ್ಮಿಸಿ, ವಿಜಯ್ ನಿರ್ದೇಶಿಸಿದ, ರಾಜ್‌ಕುಮಾರ್ ಅವರ 150ನೇ ಚಿತ್ರ. ಅರಣ್ಯಾಧಿಕಾರಿಯೊಬ್ಬ ನಾಯಕನಾದದ್ದು, ಕಾಡಿನ ಉಳಿವೇ ಕತೆಯ ವಸ್ತುವಾದದ್ದು ಆ ಕಾಲಕ್ಕೆ ದೊಡ್ಡ ಸಂಗತಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಬಂದಿತ್ತು. ಹುಲಿ ಯೋಜನೆ ಶುರುವಾಗಿ ಬಂಡೀಪುರ ಅದರಡಿ ಸೇರಿದ್ದು 1973ರಲ್ಲೇ. ಚಿತ್ರ ತನ್ನ ಕಾಲದ ಆತಂಕವನ್ನು ಸರಿಯಾಗಿಯೇ ಹಿಡಿದಿತ್ತು. ಆದರೆ ಅದು ಕಾಡಿನ ಪ್ರೀತಿಗೆ ಕೊಟ್ಟ ರೂಪ ಖಾಕಿಯದು, ಬಂದೂಕಿನದು, ಬೆನ್ನಟ್ಟುವ ಜೀಪಿನದು.

ಅದೇ ಅರಣ್ಯ ಇಲಾಖೆಯ ಇನ್ನೊಂದು ಮೂಲೆಯಲ್ಲಿ, ಅಂಕೋಲಾ ತಾಲ್ಲೂಕಿನ ನರ್ಸರಿಯೊಂದರಲ್ಲಿ, ಹೊನ್ನಳ್ಳಿಯ ತುಳಸಿ ಗೌಡ ವರ್ಷಗಟ್ಟಲೆ ದಿನಗೂಲಿಯ ಮೇಲೆ ಬೀಜ ಆರಿಸಿ ಸಸಿ ಮಾಡುತ್ತಿದ್ದರು. ಇಲಾಖೆಯೂ ಒಂದೇ, ಕಾಡೂ ಒಂದೇ. ಬಂದೂಕು ಹಿಡಿದ ಗಂಡಸು ಸಿನಿಮಾ ಆದ. ಸಸಿ ಹಿಡಿದ ಹೆಂಗಸನ್ನು ನಮ್ಮಲ್ಲಿ ಬಹುಪಾಲು ಜನ ಮೊದಲ ಸಲ ನೋಡಿದ್ದು 2021ರಲ್ಲಿ, ಅವರು ಪದ್ಮಶ್ರೀ ಪಡೆಯಲು ಬರಿಗಾಲಲ್ಲಿ ರಾಷ್ಟ್ರಪತಿ ಭವನದೊಳಗೆ ನಡೆದು ಬಂದಾಗ.

ಸುಮಾರು ಐವತ್ತು ವರ್ಷ ಕಳೆದ ಮೇಲೆ ಬಂದ 'ಕಾಂತಾರ' (2022) ಈ ವಿಷಯದಲ್ಲಿ ಎಷ್ಟು ಮುಂದೆ ಹೋಯಿತು? ಒಂದು ಅರ್ಥದಲ್ಲಿ ಬಹಳ. ಕಾಡು ಸರ್ಕಾರದ್ದೋ, ಕಾಡಿನಲ್ಲಿ ಬದುಕುವವರದ್ದೋ ಎಂಬ ಪ್ರಶ್ನೆಯನ್ನು ಅದು ಜನರ ಕಡೆಯಿಂದ ಕೇಳಿತು. ಆದರೆ ನಾಯಕ ಶಿವ ಕಂಬಳದ ಓಟಗಾರ, ಹಂದಿ ಬೇಟೆಗಾರ, ಹೊಡೆದಾಟದಲ್ಲಿ ಎತ್ತಿದ ಕೈ. ಕಾಡಿನ ಹೊಣೆ ಅವನ ಮೇಲೆ ಬರುವುದು ದೈವ ಮೈದುಂಬಿದಾಗ, ಅದೂ ಘೋರ ಕಾಳಗದ ನಡುವೆ. ಕೊನೆಗೆ ಊರವರ ಕೈಯನ್ನೂ ಅಧಿಕಾರಿಯ ಕೈಯನ್ನೂ ಸೇರಿಸಿ ಅವನು ಕಾಡಿನಲ್ಲಿ ಮಾಯವಾಗುತ್ತಾನೆ. ಆ ಕೊನೆ ರೋಮಾಂಚನ ಹುಟ್ಟಿಸುತ್ತದೆ, ನಿಜ. ಆದರೆ ಯೋಚಿಸಿ ನೋಡಿ. ಇಲಾಖೆಯೂ ಊರೂ ಕೂಡಿ ಕಾಡನ್ನು ನೋಡಿಕೊಳ್ಳುವ ನಿಜವಾದ ಕೆಲಸ ಶುರುವಾಗಬೇಕಾದದ್ದು ಮಾರನೆಯ ಬೆಳಿಗ್ಗೆ. ಸರಿಯಾಗಿ ಆ ಹೊತ್ತಿಗೆ ನಾಯಕ ಅಲ್ಲಿಲ್ಲ. ಅಲ್ಲಿ ಉಳಿದವಳು ಲೀಲಾ. ಅವಳು ಬಸುರಿ, ಅರಣ್ಯ ಇಲಾಖೆಯ ನೌಕರಳು. ಅವಳ ಮುಂದಿನ ಇಪ್ಪತ್ತು ವರ್ಷ ಯಾರಿಗೂ ಕತೆಯಲ್ಲ.

ಹಾಲಿವುಡ್ಡಿನ 'ಅವತಾರ್' (2009) ಕೂಡ ಇದೇ ದಾರಿಯಲ್ಲಿ ನಡೆಯುತ್ತದೆ. ಗಾಲಿಕುರ್ಚಿಯಲ್ಲಿ ಕೂತ ಮಾಜಿ ಸೈನಿಕ ಇನ್ನೊಂದು ಲೋಕದ ಕಾಡಿಗೆ ಹೋಗುತ್ತಾನೆ, ಆ ಜನರಿಂದ ಕಾಡನ್ನು ಓದಲು ಕಲಿಯುತ್ತಾನೆ. ಕಲಿತದ್ದೆಲ್ಲ ಕೊನೆಗೆ ಬಳಕೆಯಾಗುವುದು ಎಲ್ಲಕ್ಕಿಂತ ದೊಡ್ಡ ಹಕ್ಕಿಯನ್ನು ಪಳಗಿಸಿ, ಅದರ ಬೆನ್ನೇರಿ ಯುದ್ಧ ಗೆಲ್ಲಲಿಕ್ಕೆ.

ಅಮೆರಿಕದ ಸಾಹಿತ್ಯ ಇನ್ನೂ ಎರಡು ಬಗೆಯ ಗಂಡಸರನ್ನು ಕೊಟ್ಟಿದೆ. ಒಬ್ಬ ತ್ಯಾಗಿ. ವಿಲಿಯಂ ಫಾಕ್ನರ್‌ನ 'ದ ಬೇರ್' (1942) ಕತೆಯ ಹುಡುಗ ಐಕ್‌ಗೆ ಕಾಡಿನ ಆ ಮುದಿ ಕರಡಿ ಕಾಣಿಸಬೇಕಾದರೆ ಅವನು ಬಂದೂಕನ್ನು ಬಿಟ್ಟು ಹೊರಡಬೇಕು. ಅಷ್ಟು ಸಾಲದೆ ಗಡಿಯಾರವನ್ನೂ ದಿಕ್ಸೂಚಿಯನ್ನೂ ಪೊದೆಗೆ ನೇತುಹಾಕಿ ಮುಂದೆ ಹೋಗಬೇಕು. ಆಗಷ್ಟೇ ಕರಡಿ ಅವನಿಗೆ ದರ್ಶನ ಕೊಡುತ್ತದೆ. ಗಂಡಸುತನದ ಉಪಕರಣಗಳನ್ನು ಕೆಳಗಿಟ್ಟವನಿಗೆ ಮಾತ್ರ ಕಾಡು ಕಾಣುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಹೇಳಿದ ಕತೆ ವಿರಳ. ಮುಂದೆ ಐಕ್ ಗುಲಾಮಗಿರಿಯ ಪಾಪ ಅಂಟಿದ ಪಿತ್ರಾರ್ಜಿತ ಜಮೀನನ್ನೂ ಬಿಟ್ಟುಕೊಡುತ್ತಾನೆ. ನಮಗೆ ಈ ಬಗೆಯ ಮನುಷ್ಯ ಹೊಸಬನಲ್ಲ, ಸನ್ಯಾಸಿಗೆ ಕೈಮುಗಿಯುವ ನಾಡು ನಮ್ಮದು. ಆದರೆ ಅವನು ಕೈ ತೊಳೆದುಕೊಂಡು ಶುದ್ಧನಾದದ್ದರಿಂದ ಆ ಕಾಡಿಗೆ ಏನಾಯಿತು? ಅದರ ಒಡೆಯ ಮರ ಕಡಿಯುವ ಹಕ್ಕನ್ನು ಕಂಪನಿಗೆ ಮಾರಿದ, ಗರಗಸದ ಮಿಲ್ಲು ಬಂತು.

ಇನ್ನೊಬ್ಬ ಹತಾಶ. ಪೌಲ್ ಶ್ರೇಡರ್ ನಿರ್ದೇಶನದ 'ಫಸ್ಟ್ ರಿಫಾರ್ಮ್ಡ್' (2017) ಚಿತ್ರದ ಪರಿಸರ ಹೋರಾಟಗಾರ ಮೈಕೇಲ್, ಹೀಗೆ ಬಿಸಿಯಾಗುತ್ತಿರುವ ಜಗತ್ತಿಗೆ ಮಗುವನ್ನು ತರಬಾರದು ಎಂದು ಬಸುರಿ ಹೆಂಡತಿಯೊಡನೆ ವಾದಿಸಿ, ಕಡೆಗೆ ತಾನೇ ಪ್ರಾಣ ಬಿಡುತ್ತಾನೆ. ಅವನಿಗೆ ಸಮಾಧಾನ ಹೇಳಲು ಬಂದ ಪಾದ್ರಿ ಅದೇ ಹತಾಶೆ ಹತ್ತಿಸಿಕೊಂಡು ಎದೆಗೆ ಸ್ಫೋಟಕ ಕಟ್ಟಿಕೊಳ್ಳುವಲ್ಲಿಗೆ ಹೋಗುತ್ತಾನೆ. ಇಡೀ ಜಗತ್ತನ್ನು ಉಳಿಸಲಾಗದಿದ್ದರೆ ಏನನ್ನೂ ಉಳಿಸುವುದಿಲ್ಲ ಎಂಬ ಹಟ ಅದು. ಮೇಲುನೋಟಕ್ಕೆ ಪ್ರಕೃತಿಪ್ರೇಮ. ಆಳದಲ್ಲಿ ಅದು, ಗೆಲ್ಲಲೇಬೇಕು, ಸೋಲು ನನಗೆ ಸಲ್ಲದು ಎಂಬ ಹಳೆಯ ಗಂಡುಬಿಂಕವೇ. ಅವನನ್ನು ಆ ಅಂಚಿನಿಂದ ಹಿಂದೆ ತರುವುದು ಯಾವ ತರ್ಕವೂ ಅಲ್ಲ, ಒಂದು ಅಪ್ಪುಗೆ. ಈ ಅಪ್ಪುಗೆಯ ಮಾತಿಗೆ ಮತ್ತೆ ಬರುತ್ತೇನೆ.

ಯೋಧ, ತ್ಯಾಗಿ, ಹತಾಶ. ಮೂವರ ಪ್ರೀತಿಯೂ ಸುಳ್ಳಲ್ಲ. ಮೂವರಿಗೂ ಇರುವ ಕೊರತೆ ಒಂದೇ: ನಾಳೆ ಬೆಳಿಗ್ಗೆ ಎದ್ದು ಮತ್ತೆ ಅದೇ ಕೆಲಸ ಮಾಡುವುದು ಅವರಿಗೆ ಗೊತ್ತಿಲ್ಲ.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸದಲ್ಲಿ ಈ ಭೇದ ದಿನವೂ ಕಾಣುತ್ತದೆ. ಸಾಫ್ಟ್‌ವೇರ್ ಪ್ರಾಜೆಕ್ಟ್ ಒಂದು ಗೋ-ಲೈವ್ ಆದ ದಿನ ಕೇಕು, ಫೋಟೋ, ಮೇಲಿನವರಿಂದ ಮೇಲ್. ಮಾರನೆಯ ದಿನದಿಂದ ಅದನ್ನು ನಡೆಸಿಕೊಂಡು ಹೋಗುವುದು ಸಪೋರ್ಟ್ ಟೀಮು. ಎಲ್ಲ ಸರಿಯಾಗಿ ನಡೆದರೆ ಅವರು ಇದ್ದಾರೆಂಬುದೇ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಏನಾದರೂ ಕೆಟ್ಟಾಗ. ಅವರ ಯಶಸ್ಸು ಎಂದರೆ 'ಏನೂ ಆಗಲಿಲ್ಲ' ಎಂಬುದು. 'ಏನೂ ಆಗಲಿಲ್ಲ' ಎಂಬುದಕ್ಕೆ ಪ್ರಶಸ್ತಿ ಕೊಡುವ ಪದ್ಧತಿ ನಾನು ಕಂಡ ಕಂಪನಿಗಳಲ್ಲಿ ಇಲ್ಲ. ಸಾಕುವ ಕೆಲಸವೆಲ್ಲ ಈ ಜಾತಿಯದ್ದು. ಸಸಿ ಒಣಗಲಿಲ್ಲ, ಮಗುವಿಗೆ ಜ್ವರ ಏರಲಿಲ್ಲ, ಕೆರೆ ಹೂಳು ತುಂಬಲಿಲ್ಲ. ಆಗದೇ ಹೋದದ್ದನ್ನು ಕತೆಯಾಗಿ ಹೇಳುವುದು ಕಷ್ಟ.

ನೋಯ್ಡಾದವರಿಗೆ ಇದಕ್ಕೆ ಇನ್ನೂ ಹತ್ತಿರದ ಉದಾಹರಣೆ ಇದೆ. 2022ರ ಆಗಸ್ಟ್ 28ರಂದು ಸೆಕ್ಟರ್ 93ಎಯ ಅವಳಿ ಗೋಪುರಗಳನ್ನು ಉರುಳಿಸಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಕುತುಬ್ ಮಿನಾರಿಗಿಂತ ಎತ್ತರದ ಕಟ್ಟಡ, 3,700 ಕಿಲೋ ಸ್ಫೋಟಕ, ಕೆಲವೇ ಸೆಕೆಂಡು, ಆಕಾಶಕ್ಕೇರಿದ ಧೂಳು. ಅದು ಎಲ್ಲರಿಗೂ ನೆನಪಿದೆ. ಆ ಜಾಗದಲ್ಲಿ ತಮಗೆ ಹೂದೋಟ ತೋರಿಸಿ ಮನೆ ಮಾರಿದ್ದರು ಎಂದು ಅಲ್ಲಿನ ನಿವಾಸಿಗಳು 2012ರಲ್ಲಿ ಕೋರ್ಟಿಗೆ ಹೋದದ್ದು, 2014ರಲ್ಲಿ ಅಲಹಾಬಾದ್ ಹೈಕೋರ್ಟಿನಲ್ಲಿ, 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು ಅಷ್ಟಾಗಿ ನೆನಪಿಲ್ಲ. ಮುಂದೆ ನಿಂತು ಆ ಕೇಸು ನಡೆಸಿದವರಲ್ಲಿ ನಿವೃತ್ತ ಹಿರಿಯರಿದ್ದರು. ಮನೆಮನೆಯಿಂದ ಚಂದಾ ಎತ್ತುವುದು, ಫೈಲು ಹೊರುವುದು, ತಾರೀಕಿಗೆ ತಾರೀಕು ಕಾಯುವುದು ಅವರ ಶೌರ್ಯ. ಅಪ್ಪ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದು ಮಾತ್ರ ಸ್ಫೋಟವನ್ನು.

ಈ ಕಾಣದ ಕೆಲಸವನ್ನು ಕಾಣುವಂತೆ ಮಾಡಿದ ಒಂದು ಕನ್ನಡ ಚಿತ್ರ ಗಿರೀಶ್ ಕಾಸರವಳ್ಳಿಯವರ 'ದ್ವೀಪ' (2002). ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ್ದು. ಅಣೆಕಟ್ಟಿನ ಹಿನ್ನೀರು ಸುತ್ತಲೂ ಏರುತ್ತಿದೆ, ಗುಡ್ಡದ ಮೇಲೆ ಒಂದೇ ಮನೆ ಉಳಿದಿದೆ. ಮಳೆ, ನೀರು, ಕಾಡುಪ್ರಾಣಿಯ ಭಯ, ಇವೆಲ್ಲದರ ನಡುವೆ ಮನೆ ಮುಳುಗದಂತೆ, ಬದುಕು ಚದುರದಂತೆ ಹಿಡಿದು ನಿಲ್ಲುವವಳು ನಾಗಿ. ಮಳೆ ನಿಂತು ಜೀವ ಉಳಿದ ಮೇಲೆ ಗಂಡ ಗಣಪ ಅದನ್ನು ದೇವರ ಕೃಪೆಗೆ ಒಪ್ಪಿಸಿಬಿಡುತ್ತಾನೆ. ಅವನು ಕೆಟ್ಟವನಲ್ಲ. ಸಾಕುವ ಕೆಲಸವನ್ನು ಕೆಲಸವೆಂದು ನೋಡುವ ಕಣ್ಣು ಅವನಿಗೆ ಯಾರೂ ಕೊಟ್ಟಿಲ್ಲ, ಅಷ್ಟೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಸಣ್ಣದಲ್ಲ. ಕೊಡಲಿ ಹಿಡಿದವನು ಬಂದಾಗ ನೀರಿನ ಬಿಂದಿಗೆಯಿಂದ ಏನಾಗುತ್ತದೆ? ಯೋಧನಿಲ್ಲದಿದ್ದರೆ ಸಾಕಿದವರು ಸಾಕಿದ್ದಷ್ಟೇ ಬಂತು. ನಿಜ. ಹಾಗಾದರೆ ಕೇಳಬೇಕಾದ ಪ್ರಶ್ನೆ, ಚೆನ್ನಾಗಿ ಕಾಯುವವನು ಯಾರು ಎಂಬುದು.

ಉತ್ತರ ಶಿರಸಿಯ ಕಡೆ ಇದೆ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡರು. ಮುಂದಾಳುಗಳಲ್ಲಿ ಊರಿನ ಯುವಕ ಮಂಡಳಿಯ ಹುಡುಗರಿದ್ದರು, ಹೆಂಗಸರು ಮಕ್ಕಳೂ ಇದ್ದರು. ಗಢವಾಲದ ಚಿಪ್ಕೋದಿಂದ ಪ್ರೇರಣೆ ಪಡೆದ ಆ ಚಳವಳಿ 'ಅಪ್ಪಿಕೋ' ಎಂಬ ಕನ್ನಡದ ಹೆಸರಿಂದಲೇ ಹೆಸರಾಯಿತು. ನಮ್ಮಲ್ಲಿ ದೊಡ್ಡವನಾದ ಮೇಲೆ ಗಂಡಸು ಯಾರನ್ನು ಅಪ್ಪಿಕೊಳ್ಳುತ್ತಾನೆ? ಮಗಳು ಗಂಡನ ಮನೆಗೆ ಹೊರಟಾಗ ಒಮ್ಮೆ, ಸಾವಿನ ಮನೆಯಲ್ಲಿ ಒಮ್ಮೆ. ಅಂಥವರು ಹಾಡಹಗಲಲ್ಲಿ ಎಲ್ಲರೆದುರು ಮರವನ್ನು ತಬ್ಬಿ ನಿಂತರು. ಹೊಡೆಯಲು ಎತ್ತುವ ಅದೇ ತೋಳು ಸುತ್ತಿಕೊಂಡು ನಿಂತರೂ ಕೊಡಲಿ ನಿಲ್ಲುತ್ತದೆ ಎಂದು ತೋರಿಸಿದರು.

ಅವರಿಗೆ ಆ ಧೈರ್ಯ ಬಂದದ್ದು ಎಲ್ಲಿಂದ? ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಬೇಕು, ತೋಟದ ಗೊಬ್ಬರಕ್ಕೆ ಸೊಪ್ಪು ಅಲ್ಲಿಂದಲೇ ಬರಬೇಕು. ಕಾಡು ಹೋದರೆ ಹಳ್ಳದ ನೀರೂ ಹೋಗುತ್ತದೆ ಎಂಬುದನ್ನು ಅವರು ಪುಸ್ತಕದಲ್ಲಿ ಓದಿ ತಿಳಿಯಬೇಕಿರಲಿಲ್ಲ. ಅಪ್ಪಿಕೋದ ಘೋಷಣೆಯಲ್ಲಿ ಇದ್ದದ್ದು ಮೂರೇ ಕ್ರಿಯಾಪದ: ಉಳಿಸು, ಬೆಳೆಸು, ಬಳಸು. ನಮ್ಮ ಸಿನಿಮಾಗಳು ಮೊದಲನೆಯದನ್ನಷ್ಟೇ ಇಟ್ಟುಕೊಂಡು ಉಳಿದೆರಡನ್ನು ಬಿಟ್ಟುಬಿಟ್ಟಿವೆ. 'ಬೆಳೆಸು' ಎಂಬುದನ್ನು ನಾವು ಮಗುವಿಗೂ ಗಿಡಕ್ಕೂ ಒಂದೇ ಸಮ ಬಳಸುತ್ತೇವೆ. ಬೆಳೆಸಿದವನಿಗೆ ಉಳಿಸು ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಬೆಳೆಸದವನ ಉಳಿಸುವಿಕೆ ಮಾತ್ರ ಪಹರೆಯಾಗಿಬಿಡುತ್ತದೆ. ಪಹರೆಯವನಿಗೆ ಕಾಡಿನ ಜನರೂ ಕಳ್ಳರಂತೆ ಕಾಣುತ್ತಾರೆ.

ಖಾಕಿಯೊಳಗೂ ಇದನ್ನು ಅರಿತವರು ಇದ್ದರು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ವೀರಪ್ಪನ್‌ನ ಊರಾದ ಗೋಪಿನಾಥಂನಲ್ಲೇ ಜನರ ನಡುವೆ ಇದ್ದು ಅವರಿಗೆ ಔಷಧಿ ಒದಗಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಶರಣಾಗುತ್ತೇನೆ ಎಂಬ ಮಾತನ್ನು ನಂಬಿ ನಿರಾಯುಧರಾಗಿ ಹೋಗಿ 1991ರ ನವೆಂಬರಿನಲ್ಲಿ ಕೊಲೆಯಾದರು. ಮುಂದೆ ಕನ್ನಡದಲ್ಲಿ 'ಅಟ್ಟಹಾಸ', 'ಕಿಲ್ಲಿಂಗ್ ವೀರಪ್ಪನ್' ಬಂದವು. ಕತೆ ಕಟ್ಟುವವರ ಕಣ್ಣು ಮೀಸೆಯ ಮೇಲೆ, ಬಂದೂಕಿನ ಮೇಲೆ ನೆಟ್ಟಿತು. ಔಷಧಿ ಹಂಚಿದ ಅಧಿಕಾರಿ ಪೋಸ್ಟರ್ ಆಗಲಿಲ್ಲ.

ಇಷ್ಟು ಹೇಳಿದ ಮೇಲೆ, ಸಾಕುವುದು ಹೆಂಗಸರ ಸ್ವಭಾವ, ಕಾಯುವುದು ಗಂಡಸರದ್ದು ಎಂಬ ತೀರ್ಮಾನಕ್ಕೆ ಜಾರುವುದು ಸುಲಭ. ಅದು ತಪ್ಪು ಎನ್ನಲು ಒಬ್ಬ ಸಾಕ್ಷಿ ಇದ್ದಾನೆ, ಹುಲಿಕಲ್ಲಿನ ಚಿಕ್ಕಯ್ಯ.

ಸಾಲುಮರದ ತಿಮ್ಮಕ್ಕನನ್ನು ಅರಿಯದ ಕನ್ನಡಿಗರಿಲ್ಲ. 2019ರಲ್ಲಿ ಪದ್ಮಶ್ರೀ ಬಂತು, 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ನಾಡೇ ಶೋಕಿಸಿತು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ದಾರಿಯಲ್ಲಿ ಮೊದಲ ವರ್ಷ 10 ಆಲದ ಸಸಿ, ಎರಡನೆಯ ವರ್ಷ 15, ಮೂರನೆಯ ವರ್ಷ 20, ಹೀಗೆ ಬೆಳೆದು 385 ಮರ. ಆ ಸಸಿಗಳಿಗೆ ನೀರು ಹೊತ್ತವರು ಇಬ್ಬರು. ಕೂಲಿ ಮಾಡುತ್ತಿದ್ದ ಗಂಡ ಹೆಂಡತಿ ಬಿಂದಿಗೆಗಳಲ್ಲಿ ಸುಮಾರು 4 ಕಿಲೋಮೀಟರ್ ನೀರು ಹೊತ್ತರು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಅವರಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದ ಹೆಂಗಸನ್ನು ನಮ್ಮ ಹಳ್ಳಿಗಳು ಏನೆಂದು ಕರೆಯುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಮಕ್ಕಳಿಲ್ಲದ ಗಂಡಸಿನ ಬೆನ್ನ ಹಿಂದೆ ಆಡುವ ಮಾತೂ ಅಷ್ಟೇ ಹರಿತ. ಚಿಕ್ಕಯ್ಯ ಇನ್ನೊಂದು ಮದುವೆಯಲ್ಲಿ ಅದಕ್ಕೆ ಉತ್ತರ ಹುಡುಕಬಹುದಿತ್ತು, ಆ ಕಾಲಕ್ಕೆ ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಹೆಂಡತಿಯ ಜೊತೆ ಬಿಂದಿಗೆ ಹೊತ್ತ. 1991ರಲ್ಲಿ ತೀರಿಕೊಂಡ. ಹೆಸರು, ಪ್ರಶಸ್ತಿ ಎಲ್ಲ ಬಂದದ್ದು ಆಮೇಲೆ. ತಿಮ್ಮಕ್ಕ ಅದಾದ ಮೂವತ್ತಕ್ಕೂ ಹೆಚ್ಚು ವರ್ಷ ಆ ಕೆಲಸವನ್ನು ಹೊತ್ತರು, ಆ ಕೀರ್ತಿ ಅವರದೇ. ಆದರೆ ಗಂಡಸುತನದ ಕತೆ ಹುಡುಕುವವರಿಗೆ ಚಿಕ್ಕಯ್ಯನಿಗಿಂತ ಒಳ್ಳೆಯ ನಾಯಕ ನನಗೆ ಕಂಡಿಲ್ಲ. ವೈರಿಯಿಲ್ಲ, ಆಯುಧವಿಲ್ಲ, ಮಗನಿಗೆ ಬಿಟ್ಟುಹೋಗುವ ಹೆಸರೂ ಇಲ್ಲ. ತಾನು ಕೂರದ ನೆರಳಿಗಾಗಿ ಹೊತ್ತ ನೀರು ಮಾತ್ರ ಇದೆ.

ಚಿಕ್ಕಯ್ಯ ಒಬ್ಬನೇ ಅಲ್ಲ. ನಾವಿರುವ ಅಪಾರ್ಟ್‌ಮೆಂಟುಗಳನ್ನೇ ನೋಡಿ. ಬೆಳಿಗ್ಗೆ ಆರಕ್ಕೆ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುವ ಮಾಲಿ ಗಂಡಸೇ. ಪೂರ್ವ ಉತ್ತರ ಪ್ರದೇಶದಿಂದಲೋ ಬಿಹಾರದಿಂದಲೋ ನಮ್ಮ ಹಾಗೇ ವಲಸೆ ಬಂದವನು. ಅಂದರೆ ಗಂಡಸರಿಗೆ ಸಾಕಲು ಬರುವುದಿಲ್ಲ ಎಂಬುದು ಸುಳ್ಳು. ಬಡ ಗಂಡಸರು ಸಾಕುತ್ತಲೇ ಬಂದಿದ್ದಾರೆ, ನಾವು ಅದನ್ನು ಗಂಡಸುತನದ ಲೆಕ್ಕಕ್ಕೆ ಸೇರಿಸಿಲ್ಲ. ಕೂಲಿ ಕೊಟ್ಟು ಮಾಡಿಸಬಹುದಾದದ್ದು ಶೌರ್ಯ ಹೇಗಾದೀತು ಎಂಬ ಭಾವನೆ. ಗಂಡಸುತನ ಎಂದು ನಾವು ಕರೆಯುವುದರಲ್ಲಿ ಅರ್ಧದಷ್ಟು ಬರೀ ಅಂತಸ್ತು. ನವೆಂಬರಿನ ಹೊಗೆ ಇಳಿದಾಗ ವಾಟ್ಸಾಪ್ ಗುಂಪಿನಲ್ಲಿ ಎಕ್ಯೂಐ ಅಂಕಿ ಹಂಚಿಕೊಂಡು, ಪಂಜಾಬಿನಲ್ಲಿ ಕೂಳೆ ಸುಡುವ ರೈತನನ್ನು ಖಳನಾಯಕನನ್ನಾಗಿ ಮಾಡಿ ಗುಡುಗುವುದು ಗಂಡಸರ ಮಾತು. ಹಸಿ ಕಸ ಒಣ ಕಸ ಬೇರೆ ಮಾಡುವುದು ಅಡುಗೆಮನೆಯ ಮಾತು.

ಬೇರೆ ಬಗೆಯ ನಾಯಕನನ್ನು ಕಲ್ಪಿಸಲು ನಮಗೆ ಸಾಧ್ಯವಿಲ್ಲವೆಂದಲ್ಲ. ರಾಜ್‌ಕುಮಾರ್ ಮನೆಯದೇ ಇನ್ನೆರಡು ಚಿತ್ರಗಳನ್ನು 1973ರ ಚಿತ್ರದ ಪಕ್ಕದಲ್ಲಿಟ್ಟು ನೋಡಿ. 1985ರ 'ಬೆಟ್ಟದ ಹೂವು' ಅಮೆರಿಕದ ಲೇಖಕಿ ಶರ್ಲಿ ಅರೋರಾ ಅವರ ಕಾದಂಬರಿಯನ್ನು ಎನ್. ಲಕ್ಷ್ಮೀನಾರಾಯಣ್ ಕನ್ನಡಕ್ಕೆ ಒಗ್ಗಿಸಿದ್ದು. ಬಾಲಕ ಪುನೀತ್ ಕಾಡಿನಲ್ಲಿ ಅಲೆದು ಆರ್ಕಿಡ್ ಹೂ ತಂದು ಮಾರಿ, 'ಶ್ರೀ ರಾಮಾಯಣ ದರ್ಶನಂ' ಕೊಳ್ಳಲು ದುಡ್ಡು ಕೂಡಿಡುತ್ತಾನೆ. ಕೊನೆಗೆ ಆ ದುಡ್ಡಿನಲ್ಲಿ ಚಳಿಯಲ್ಲಿ ನಡುಗುವ ಮನೆಯವರಿಗೆ ಕಂಬಳಿ ತರುತ್ತಾನೆ. ಆ ಹುಡುಗ ದೊಡ್ಡವನಾಗುವುದು ಯಾರನ್ನೋ ಹೊಡೆದಲ್ಲ, ಹೊದಿಸಿ. ಅದೇ ಪುನೀತ್ 2022ರ 'ಗಂಧದ ಗುಡಿ'ಯಲ್ಲಿ, ಅಮೋಘವರ್ಷರ ಜೊತೆ ಕಾಡು ಸುತ್ತುತ್ತಾರೆ. ಅಪ್ಪನ ಚಿತ್ರದ ಹೆಸರು, ಅಪ್ಪನ ಬಂದೂಕಿಲ್ಲ. ಗೊತ್ತಿಲ್ಲದ್ದನ್ನು ಕೇಳುತ್ತಾರೆ, ಹೆದರಿದಾಗ ಹೆದರಿದೆ ಎನ್ನುತ್ತಾರೆ. ತೆರೆಯ ಮೇಲೆ ಅಷ್ಟು ಜನರನ್ನು ಹೊಡೆದುರುಳಿಸಿದ ನಟ ಹಾವಿಗೆ ಹೆದರುವುದನ್ನು ನೋಡಿ ಯಾವ ಅಭಿಮಾನಿಯ ಪ್ರೀತಿಯೂ ಕಡಿಮೆಯಾಗಲಿಲ್ಲ. ಜನ ಸಿದ್ಧರಿದ್ದಾರೆ. ಕತೆಗಾರರು ಇನ್ನೂ ಹಿಂಜರಿಯುತ್ತಿದ್ದಾರೆ.

ಇದರಲ್ಲಿ ವಲಸಿಗರಾದ ನಮಗೆ ಒಂದು ಪಾಲು ಹೆಚ್ಚೇ ಇದೆ. ನಮ್ಮಲ್ಲಿ ಹಲವರ ಕನಸು ಒಂದೇ: ಇನ್ನೊಂದು ಹತ್ತು ವರ್ಷ ದುಡಿದು ಸಕಲೇಶಪುರದ ಕಡೆಗೋ ತೀರ್ಥಹಳ್ಳಿಯ ಕಡೆಗೋ ಎರಡು ಎಕರೆ ಕೊಳ್ಳುವುದು. ಅಲ್ಲಿಯವರೆಗೆ ಮಲೆನಾಡನ್ನು ದೂರದಿಂದ ಪ್ರೀತಿಸುತ್ತೇವೆ, ಅದಕ್ಕೊಂದು ಅಪಾಯ ಎಂದರೆ ಇಲ್ಲಿಂದಲೇ ಕೆರಳುತ್ತೇವೆ. ಕಾಲ ಕೆಳಗಿನ ನೆಲವನ್ನು ಮಾತ್ರ 'ಇದು ನಮ್ಮ ಊರಲ್ಲ' ಎಂದು ಬಿಟ್ಟಿದ್ದೇವೆ. ಕಾಯುವುದನ್ನು ದೂರದಿಂದಲೂ ಮಾಡಬಹುದು. ಸಹಿ ಹಾಕಬಹುದು, ದುಡ್ಡು ಕಳಿಸಬಹುದು. ಸಾಕುವುದನ್ನು ಇರುವ ಕಡೆಯೇ ಮಾಡಬೇಕು.

ದೀಪಾವಳಿಗೆ ಮುಂಚೆ ನೋಯ್ಡಾದ ರಸ್ತೆಗಳಲ್ಲಿ ಸಂಜೆ ಒಂದು ಘಾಟು ಹೂವಿನ ವಾಸನೆ ಹರಡುತ್ತದೆ. ಕೆಲವರಿಗೆ ಅದರಿಂದ ತಲೆನೋವು. ಇಲ್ಲಿಯವರು ಅದನ್ನು ಸಪ್ತಪರ್ಣಿ ಎನ್ನುತ್ತಾರೆ. ಅದು ನಮ್ಮ ಕರಾವಳಿಯ ಹಾಲೆ ಮರ, ತುಳುವರ ಪಾಲೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಮನೆಯ ಗಂಡಸು ಅದರ ಬಳಿಗೆ ಹೋಗಿ, ಕಬ್ಬಿಣ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತಂದು ಮನೆಮಂದಿಗೆಲ್ಲ ಕಷಾಯಕ್ಕೆ ಕೊಡುವ ವಾಡಿಕೆ ಇದೆ. ಐಕ್ ಬಂದೂಕು ಬಿಟ್ಟು ಕರಡಿಯ ಬಳಿ ಹೋದಂತೆಯೇ ಇದು. ಕತ್ತಿ ಮನೆಯಲ್ಲಿಟ್ಟು ಮರದ ಬಳಿಗೆ ಹೋಗುವ ಗಂಡಸು, ಬರಿಗೈಲಿ ಹಿಂದಿರುಗದೆ ಎಲ್ಲರಿಗೂ ಮದ್ದು ತರುತ್ತಾನೆ.

ಆ ಮರ ಈ ಊರಿನ ಡಿವೈಡರುಗಳಲ್ಲಿ, ಹೊಗೆ ಕುಡಿಯುತ್ತ, ಬುಡದವರೆಗೂ ಸಿಮೆಂಟು ಬಳಿಸಿಕೊಂಡು ನಿಂತಿದೆ. ಅದರ ಬುಡ ಬಿಡಿಸಿ ಒಂದಡಿ ಮಣ್ಣು ತೆರೆಯಲು ಯಾವ ದೈವವೂ ಮೈಮೇಲೆ ಬರಬೇಕಾಗಿಲ್ಲ. ಆರ್‌ಡಬ್ಲ್ಯೂಎಗೆ ಒಂದು ಅರ್ಜಿ, ಪ್ರಾಧಿಕಾರಕ್ಕೆ ಇನ್ನೊಂದು, ಮೇ ತಿಂಗಳ ಬಿಸಿಲಿಗೆ ದಿನಕ್ಕೊಂದು ಬಕೆಟ್ ನೀರು ಸಾಕು. ಮಾರನೆಯ ದಿನ ಮತ್ತೊಂದು ಬಕೆಟ್.